ಯಾದಗಿರಿ ಕಡೆಯ ನಲಿಕಲಿ ಕೋಣೆಯಲ್ಲಿ ಒಂದು ದಿನ ನಡೆಸುವುದು ಹೇಗೆ?

ಜೂನ್ ಬಂತೆಂದರೆ ನಮ್ಮ ಜಿಲ್ಲೆಯ ಶಾಲೆಗಳಿಗೆ ಹೊಸ ಮುಖಗಳು ಬರುತ್ತವೆ. ಅತಿಥಿ ಶಿಕ್ಷಕರು, ಹೊಸದಾಗಿ ನೇಮಕವಾದವರು, ಬೇರೆ ಊರಿಂದ ವರ್ಗವಾಗಿ ಬಂದವರು. ಅವರಲ್ಲಿ ಬಹಳ ಮಂದಿಗೆ ಮೊದಲ ದಿನವೇ ಸಿಗುವುದು 1, 2, 3ನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುವ ನಲಿಕಲಿ ಕೋಣೆ. ಇಲ್ಲಿ ಪ್ರತಿ ಮಗುವೂ ಕಾರ್ಡುಗಳ ಮೂಲಕ, ಚಟುವಟಿಕೆ ಮಾಡುತ್ತಾ ತನ್ನ ವೇಗದಲ್ಲಿ ಕಲಿಯುತ್ತದೆ. ಒಬ್ಬಳು ಅವ್ವನ ಸೆರಗು ಬಿಡುವುದಿಲ್ಲ. ಇನ್ನೊಬ್ಬ ಬಳಪ ತಿನ್ನುತ್ತಿರುತ್ತಾನೆ. ಮತ್ತೊಬ್ಬಳು ಬಂದು "ಅಕ್ಕೋರಾ, ಮುಂದಿನ ಕಾರ್ಡ್ ಕೊಡ್ರೀ" ಅಂತ ಕೈ ಜಗ್ಗುತ್ತಾಳೆ. ಎಲ್ಲಿಂದ ಶುರು ಮಾಡಬೇಕು?

ಸುರಪುರ ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನೂ ಹೀಗೇ ನಿಂತಿದ್ದೆ. ಮೊದಲ ವರ್ಷ ಇಡೀ ದಿನ ನಾನೇ ಮಾತಾಡಿದೆ. ಗಂಟಲು ಕಟ್ಟಿತು, ಮಕ್ಕಳಿಗೆ ಓದು ಬರಲಿಲ್ಲ. ಎಲ್ಲರೂ ಒಟ್ಟಾಗಿ ಹೇಳುವಾಗ ಚೆನ್ನಾಗಿಯೇ ಕೇಳಿಸುತ್ತಿತ್ತು. ಒಬ್ಬೊಬ್ಬರನ್ನೇ ಕರೆದಾಗ ಗೊತ್ತಾಯಿತು, ಅರ್ಧ ಜನ ಪಕ್ಕದವರ ಬಾಯಿ ನೋಡಿ ಹೇಳುತ್ತಿದ್ದರು.

ಆಮೇಲೆ ಒಂದು ಲೆಕ್ಕ ಹಾಕಿದೆ. ಶಿಕ್ಷಣ ಹಕ್ಕು ಕಾಯ್ದೆ 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ಆಗಬೇಕು ಅನ್ನುತ್ತದೆ. ಅಂದರೆ ದಿನಕ್ಕೆ 4 ಗಂಟೆ, 240 ನಿಮಿಷ. ನನ್ನ ಕೋಣೆಯಲ್ಲಿ 28 ಮಕ್ಕಳು. ಒಂದೊಂದು ಮಗುವಿನ ಪಕ್ಕ 3 ನಿಮಿಷ ಕೂತು ಅದು ಓದುವುದನ್ನು, ಎಣಿಸುವುದನ್ನು ಕೇಳಿದರೆ 84 ನಿಮಿಷ. ಈ 84 ನಿಮಿಷ ಎಲ್ಲಿಂದ ತರುವುದು? ಮುಂದೆ ಬರೆಯುವುದೆಲ್ಲ ಅದಕ್ಕಾಗಿಯೇ. ತಟ್ಟೆ (ಮಕ್ಕಳು ಕೂರುವ ಗುಂಪು), ಕಾರ್ಡು, ಹಾಜರಿ, ಹಾಲು, ಊಟ ಎಲ್ಲವನ್ನೂ ಹೀಗೆ ಜೋಡಿಸಿಕೊಳ್ಳಿ, ನಿಮಗೆ ಮಗುವಿನ ಪಕ್ಕ ಕೂರಲು ಪುರುಸೊತ್ತು ಸಿಗಲಿ.

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 51.83 ಇತ್ತು. ರಾಜ್ಯದಲ್ಲೇ ಅತಿ ಕಡಿಮೆ. ಈ ಅಂಕಿ ತರಗತಿಯೊಳಗೆ ಹೇಗೆ ಕಾಣುತ್ತದೆ ಗೊತ್ತಾ? "ಮನೆಯಲ್ಲಿ ಓದಿಸಿಕೊಂಡು ಬಾ" ಅಂದರೆ ಓದಿಸುವವರು ಇರುವುದಿಲ್ಲ. ಅವ್ವ ಹೊಲಕ್ಕೆ ಹೋಗಿರುತ್ತಾಳೆ, ಆಯಿಗೆ (ಅಜ್ಜಿಗೆ) ಅಕ್ಷರ ಬರುವುದಿಲ್ಲ. ಮಗು ಓದುವುದನ್ನು ಕೇಳುವ ದೊಡ್ಡವರು ದಿನದಲ್ಲಿ ನೀವೊಬ್ಬರೇ ಇರಬಹುದು.

ಸಮಯ ಶಾಲೆಯಿಂದ ಶಾಲೆಗೆ ಸ್ವಲ್ಪ ಬದಲಾಗುತ್ತದೆ. ನಮ್ಮಲ್ಲಿ ಬೆಳಗ್ಗೆ 10ಕ್ಕೆ ಪಾಠ ಶುರು, ಸಂಜೆ 4.20ಕ್ಕೆ ಬಿಡುಗಡೆ. ನಾನು ಆ ಲೆಕ್ಕದಲ್ಲೇ ಬರೆಯುತ್ತೇನೆ.

1. ದಿನ ಶುರುವಾಗುವುದು ಹಿಂದಿನ ಸಂಜೆ

ಮಕ್ಕಳು ಹೋದ ಮೇಲೆ 15 ನಿಮಿಷ ಕೂತುಕೊಳ್ಳಿ. ಪ್ರಗತಿ ನೋಟ (ಪ್ರತಿ ಮಗುವಿನ ಕಲಿಕೆ ಗುರುತು ಹಾಕುವ ಪಟ್ಟಿ) ತೆಗೆದು ಯಾವ ಮಗು ಯಾವ ಮೈಲಿಗಲ್ಲಿನಲ್ಲಿ, ಅಂದರೆ ಕಲಿಕೆಯ ಯಾವ ಹಂತದಲ್ಲಿದೆ ನೋಡಿ. ನಾಳೆ ಯಾರು ಯಾವ ಕಾರ್ಡಿಗೆ ಬರುತ್ತಾರೆ ಅಂತ ಅಂದಾಜು ಮಾಡಿ, ಆ ಕಾರ್ಡುಗಳು ರ್ಯಾಕಿನಲ್ಲಿ ಇವೆಯೇ ನೋಡಿಕೊಳ್ಳಿ. ಒಂದು ಕಾರ್ಡ್ ಕಾಣದಿದ್ದರೆ ನಾಳೆ ಇಬ್ಬರು ಮಕ್ಕಳು ಸುಮ್ನೆ ಕೂರುತ್ತಾರೆ, ನೀವು ಹುಡುಕುತ್ತಾ 10 ನಿಮಿಷ ಕಳೆಯುತ್ತೀರಿ. ಹರಿದಿದ್ದರೆ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಇಡಿ. ಬಳಪ ತುಂಡು ಮಾಡಿ ಡಬ್ಬಿ ತುಂಬಿಸಿ.

ಒಂದು ಸಣ್ಣ ಚೀಟಿಯಲ್ಲಿ ಮೂರು ಹೆಸರು ಬರೆಯಿರಿ. ಇವತ್ತು ನಿಮ್ಮ ಹತ್ತಿರ ಬರದೇ ತಪ್ಪಿಸಿಕೊಂಡ ಮಕ್ಕಳ ಹೆಸರು. ನಾಳೆ ಮೊದಲು ಅವರೇ.

2. ಬೀಗ ತೆಗೆಯುವುದು

9.30ಕ್ಕೆ ಶಾಲೆಯಲ್ಲಿರಿ. ಆ ಹೊತ್ತಿಗೆ ನಾಲ್ಕೈದು ಮಕ್ಕಳು ಕಟ್ಟೆ ಮೇಲೆ ಕೂತಿರುತ್ತಾರೆ. ಹತ್ತಿ ಬಿಡಿಸುವ ಕಾಲದಲ್ಲಿ ಇನ್ನೂ ಬೇಗ ಬರುತ್ತಾರೆ, ಯಾಕೆಂದರೆ ಅವ್ವಂದಿರು ಬೆಳಗ್ಗೆಯೇ ಹೊಲಕ್ಕೆ ಹೋಗಿರುತ್ತಾರೆ. ಕೋಣೆ ಗುಡಿಸುವ ಕೆಲಸ ಹೆಣ್ಣುಮಕ್ಕಳಿಗೆ ಮಾತ್ರ ಬೀಳದಂತೆ ನೋಡಿಕೊಳ್ಳಿ. ನಮ್ಮಲ್ಲಿ ವಾರದ ಪಾಳಿ ಇದೆ. ಹುಡುಗರೂ ಹುಡುಗಿಯರೂ ಸೇರಿ ಚಾಪೆ ಹಾಸುತ್ತಾರೆ, ಕುಡಿಯುವ ನೀರು ತುಂಬಿ ಮುಚ್ಚುತ್ತಾರೆ.

ನಮ್ಮ ಭಾಗದ ಎಷ್ಟೋ ಶಾಲೆಗಳ ನೆಲ ಶಹಾಬಾದ್ ಫರ್ಸಿ. ಅದು ನಮಗೆ ಸಿಕ್ಕ ದೊಡ್ಡ ಪಾಟಿ (ಸ್ಲೇಟು). ನೀಲಿ ಛಾಯೆಯ ನುಣುಪು ಕಲ್ಲು, ಸೀಮೆಸುಣ್ಣದಲ್ಲಿ ಬರೆದರೆ ಅಕ್ಷರ ಎದ್ದು ಕಾಣುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಬಾಗಿಲ ಬಳಿಯ ಐದು ಫರ್ಸಿಯ ಮೇಲೆ ಆ ವಾರದ ಅಕ್ಷರಗಳನ್ನು ದೊಡ್ಡದಾಗಿ ಬರೆಯಿರಿ. ಮಕ್ಕಳು ಒಳಗೆ ಬರುವಾಗ ಅಕ್ಷರ ಹೇಳಿ ಜಿಗಿದು ಬರಲಿ. ನೀವು ಬಾಗಿಲಲ್ಲೇ ನಿಂತಿರಿ. ಯಾರು ಯಾವ ಅಕ್ಷರದ ಮುಂದೆ ತಡವರಿಸುತ್ತಾರೆ ಅಂತ ಪಾಠ ಶುರುವಾಗುವ ಮೊದಲೇ ತಿಳಿಯುತ್ತದೆ.

3. ಪ್ರಾರ್ಥನೆ ಮತ್ತು ಹಾಲು

ನಾಡಗೀತೆ, ಸಂವಿಧಾನದ ಪೀಠಿಕೆ, ಒಂದು ಸುದ್ದಿ, ಒಂದು ಗಾದೆ. ಬೇಸಿಗೆಗೆ ಹತ್ತಿರವಾದಂತೆ ಪ್ರಾರ್ಥನೆಯನ್ನು ನೆರಳಿಗೆ ತನ್ನಿ, ಮೊಟಕಾಗಿಸಿ. ಮಾರ್ಚ್‌ನಲ್ಲೇ ನಮ್ಮ ಬಿಸಿಲಿಗೆ ಒಂದನೇ ತರಗತಿಯ ಮಗು ತಲೆ ಸುತ್ತಿ ಕೂತುಬಿಡುತ್ತದೆ. ಖಾಲಿ ಹೊಟ್ಟೆಯಲ್ಲಿದ್ದರಂತೂ ಕೇಳುವುದೇ ಬೇಡ.

ಅದಕ್ಕೇ ಹಾಲು ಬೇಗ ಆಗಬೇಕು. ಶಾಲೆಯಲ್ಲಿ ಮಕ್ಕಳಿಗೆ ಹಾಲು ಕೊಡುವ ಸರ್ಕಾರದ ಕ್ಷೀರಭಾಗ್ಯ ಯೋಜನೆ 2013ರ ಆಗಸ್ಟ್‌ನಲ್ಲಿ ಶುರುವಾದದ್ದು. ಒಂದು ಮಗುವಿಗೆ 18 ಗ್ರಾಂ ಪುಡಿಯಲ್ಲಿ 150 ಮಿಲಿ ಹಾಲು. ಗಂಟು ಇದ್ದರೆ ಮಕ್ಕಳು ಕುಡಿಯುವುದಿಲ್ಲ, ಹಿತ್ತಲಿಗೆ ಚೆಲ್ಲಿ ಬರುತ್ತಾರೆ. ಪುಡಿಯನ್ನು ಮೊದಲು ಸ್ವಲ್ಪ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ, ಆಮೇಲೆ ಕುದಿಯುವ ನೀರಿಗೆ ಹಾಕಲು ಅಡುಗೆ ಅಕ್ಕನಿಗೆ ಹೇಳಿ. ರಾಗಿ ಮಾಲ್ಟ್ ಕೊಡುವ ದಿನಗಳಲ್ಲೂ ಇದೇ ರೀತಿ. ಸಣ್ಣ ಮಕ್ಕಳಿಗೆ ಮೊದಲು ಕೊಡಿ. ಲೋಟ ತೊಳೆದು ಕೋಣೆಗೆ ಬರಲು 15 ನಿಮಿಷ ಸಾಕು. ಸಾಲು ನೋಡಿಕೊಳ್ಳುವ ಕೆಲಸವನ್ನು ಮೂರನೇ ತರಗತಿಯವರಿಗೆ ಬಿಡಿ. ನೀವು ಒಬ್ಬೊಬ್ಬರ ಮುಖ ನೋಡಿ. ಯಾರ ಕಣ್ಣು ಕೆಂಪಾಗಿದೆ, ಯಾರ ಕಾಲಿಗೆ ಮುಳ್ಳು ನಟ್ಟಿದೆ, ಯಾರು ಒಂದೇ ಗುಟುಕಿಗೆ ಹಾಲು ಮುಗಿಸಿದರು. ಒಂದೇ ಗುಟುಕಿಗೆ ಮುಗಿಸಿದವರಿಗೆ ಇನ್ನರ್ಧ ಲೋಟ ಹಾಕಿ.

4. ಮೊದಲ 20 ನಿಮಿಷ ಮಕ್ಕಳ ಮಾತು

ಹಾಜರಿಯನ್ನು ನೀವು ಕೂಗಬೇಡಿ. ಗೋಡೆಗೆ ಹಳೆಯ ಬಟ್ಟೆಯ ಜೇಬುಗಳನ್ನು ಹೊಲಿದು ತೂಗುಹಾಕಿ, ಪ್ರತಿ ಮಗುವಿಗೂ ಹೆಸರಿನ ಚೀಟಿ ಮಾಡಿ. ಬಂದವರು ತಮ್ಮ ಹೆಸರು ಹುಡುಕಿ ಜೇಬಿಗೆ ಹಾಕುತ್ತಾರೆ. ಮಗು ಮೊದಲು ಓದಲು ಕಲಿಯುವ ಪದ ತನ್ನ ಹೆಸರು, ಎರಡನೆಯದು ತನ್ನ ಗೆಳತಿಯ ಹೆಸರು. ಜೂನ್ ಕೊನೆಗೆ ಒಂದನೇ ತರಗತಿಯವರು ಹತ್ತು ಹನ್ನೆರಡು ಹೆಸರು ಗುರುತಿಸುತ್ತಾರೆ. ಉಳಿದ ಚೀಟಿಗಳನ್ನು ಒಬ್ಬರು ಎಣಿಸಿ "ಇವತ್ತು ನಾಲ್ಕು ಮಂದಿ ಬಂದಿಲ್ಲರಿ" ಅಂತ ಹೇಳಲಿ. ನೀವು ಪುಸ್ತಕದಲ್ಲಿ ಗುರುತು ಹಾಕಲು ಎರಡು ನಿಮಿಷ.

ಹವಾಮಾನ ನಕ್ಷೆಯಲ್ಲಿ ಇವತ್ತು ಬಿಸಿಲೋ ಮೋಡವೋ ಅಂತ ಒಂದು ಮಗು ಚಿತ್ರ ಹಾಕುತ್ತದೆ. ಇದನ್ನು ಸುಮ್ನೆ ಶಾಸ್ತ್ರಕ್ಕೆ ಮಾಡಿ ಮುಗಿಸುವವರೇ ಜಾಸ್ತಿ. ಅಲ್ಲಿಂದ ಮಾತು ಬೆಳೆಸಿ. "ಮೋಡ ಆಗ್ಯಾದ, ಹೊಲದಾಗ ಏನು ಕೆಲಸ ನಡದದ?" ಅಂತ ಕೇಳಿ ನೋಡಿ. ತೊಗರಿಗೆ ಹುಳ ಬಿದ್ದದ್ದು, ಎಮ್ಮೆ ಕರು ಹಾಕಿದ್ದು, ಮುತ್ಯಾ (ಅಜ್ಜ) ಸಂತೆಗೆ ಹೋದದ್ದು ಎಲ್ಲ ಬರುತ್ತದೆ. ಅದರಲ್ಲಿ ಒಂದು ವಾಕ್ಯವನ್ನು ಮಗು ಹೇಳಿದ ಹಾಗೆಯೇ ಹಲಗೆ ಮೇಲೆ ಬರೆಯಿರಿ. ಆ ವಾಕ್ಯ ಇವತ್ತಿನ ಓದು. ತಾನು ಹೇಳಿದ್ದು ಹಲಗೆ ಮೇಲೆ ಬಂದಾಗ ಆ ಮಗುವಿನ ಮುಖ ನೀವು ನೋಡಬೇಕು.

5. ಕನ್ನಡದ ಅವಧಿ: ಐದು ತಟ್ಟೆ, ಒಂದು ಮಣೆ

ನಲಿಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು ನಮ್ಮ ಮಕ್ಕಳಿಗೆ ಹೊಂದುವಂತೆ ಕಟ್ಟಿದ್ದು. 2009-10ರಿಂದ ರಾಜ್ಯದ ಎಲ್ಲ ಕಡೆ ಬಂತು. ಒಬ್ಬರೇ ಶಿಕ್ಷಕರು ಮೂರು ತರಗತಿ ನಡೆಸಬೇಕಾದ ಶಾಲೆಗೆ ಇದು ಹೇಳಿ ಮಾಡಿಸಿದ ಪದ್ಧತಿ. ಆದರೆ ಅದರ ಜೀವ ಎಲ್ಲಿದೆ ಅಂತ ಗೊತ್ತಿರಬೇಕು.

ಮಕ್ಕಳು ಐದು ಗುಂಪಾಗಿ ಕೂರುತ್ತಾರೆ. ಗುಂಪಿನ ಗುರುತಿಗೆ ಚಟುವಟಿಕೆಗಳ ಲೋಗೋ ಹಚ್ಚಿದ ತಟ್ಟೆ ಇರುತ್ತದೆ, ಹಾಗಾಗಿ ಗುಂಪಿಗೂ ತಟ್ಟೆ ಅಂತಲೇ ಹೇಳುತ್ತೇವೆ. ಒಂದನೇ ತಟ್ಟೆಯವರಿಗೆ ಶಿಕ್ಷಕರ ಸಹಾಯ ಪೂರ್ತಿ ಬೇಕು. ಎರಡನೆಯದಕ್ಕೆ ಅಷ್ಟಿಷ್ಟು. ಮೂರನೆಯ ತಟ್ಟೆಯಲ್ಲಿ ಗೆಳೆಯರು ಪೂರ್ತಿ ಸಹಾಯ ಮಾಡುತ್ತಾರೆ, ನಾಲ್ಕರಲ್ಲಿ ಸ್ವಲ್ಪ. ಐದನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಮಗು ಕಲಿಕಾ ಏಣಿ (ಕಲಿಕೆಯ ಹಂತಗಳನ್ನು ಮೆಟ್ಟಿಲಿನ ಹಾಗೆ ತೋರಿಸುವ ಪಟ್ಟಿ) ನೋಡಿ ತನ್ನ ಮೆಟ್ಟಿಲು ಹುಡುಕುತ್ತದೆ, ಅದರ ಲೋಗೋ ನೋಡಿ ರ್ಯಾಕಿನಿಂದ ಕಾರ್ಡ್ ತೆಗೆದುಕೊಳ್ಳುತ್ತದೆ, ಆ ಲೋಗೋ ಇರುವ ತಟ್ಟೆಗೆ ಹೋಗಿ ಕೂರುತ್ತದೆ. ಕೆಲಸ ಮುಗಿದ ಮೇಲೆ ನಿಮಗೆ ತೋರಿಸಿ ಮುಂದಿನ ಮೆಟ್ಟಿಲಿಗೆ ಹೋಗುತ್ತದೆ.

ಹೇಳುವುದು ಸುಲಭ, ಅಲ್ವಾ? ಇದು ತಾನಾಗಿ ನಡೆಯಲು ಜೂನ್ ಮತ್ತು ಜುಲೈ ಎರಡು ತಿಂಗಳು ಬೇಕು. ಈ ಎರಡು ತಿಂಗಳು ಪಾಠಕ್ಕಿಂತ ಜಾಸ್ತಿ ಈ ನಡೆಯನ್ನೇ ಕಲಿಸಿ. ಏಣಿ ನೋಡುವುದು ಹೇಗೆ, ಕಾರ್ಡ್ ವಾಪಸ್ ಅದೇ ಜಾಗಕ್ಕೆ ಇಡುವುದು ಹೇಗೆ, ಅಕ್ಕೋರು ಬೇರೆಯವರ ಹತ್ತಿರ ಇದ್ದಾಗ ಸಹಾಯ ಯಾರನ್ನು ಕೇಳಬೇಕು. ಮೂರನೇ ತರಗತಿಯ ಮಗುವಿನ ಪಕ್ಕ ಒಂದನೇ ತರಗತಿಯ ಮಗುವನ್ನು ಕೂರಿಸಿ ಒಂದು ವಾರ ಬರೀ ಇದನ್ನೇ ಆಡಿಸಿ. ಹೊತ್ತು ಹಾಳಾಯಿತು ಅನಿಸಬಹುದು. ಆಗಸ್ಟ್‌ನಿಂದ ಆ ಹೊತ್ತು ಬಡ್ಡಿ ಸಮೇತ ವಾಪಸ್ ಬರುತ್ತದೆ.

ಈಗ ನಿಮ್ಮ ಜಾಗ. ಕುರ್ಚಿ ಬೇಡ, ಒಂದು ಮಣೆ ಇಟ್ಟುಕೊಳ್ಳಿ. ಮಣೆ ಒಂದನೇ ತಟ್ಟೆಯ ಪಕ್ಕ, ಗೋಡೆಗೆ ಬೆನ್ನು ಕೊಟ್ಟು, ಇಡೀ ಕೋಣೆ ಕಾಣುವ ಹಾಗೆ ಇರಲಿ. 80 ನಿಮಿಷದ ಅವಧಿಯಲ್ಲಿ ನಾನು ಹೀಗೆ ಹಂಚಿಕೊಳ್ಳುತ್ತೇನೆ: ಮೊದಲ 10 ನಿಮಿಷ ಎಲ್ಲರೂ ತಮ್ಮ ತಟ್ಟೆಗೆ ಸೇರುವವರೆಗೆ ಓಡಾಟ. ಆಮೇಲೆ 25 ನಿಮಿಷ ಒಂದನೇ ತಟ್ಟೆ, ಹೊಸ ಅಕ್ಷರ ಹೊಸ ಪದ ಇಲ್ಲೇ. ನಂತರ ಮಣೆ ಎತ್ತಿಕೊಂಡು ಉಳಿದ ತಟ್ಟೆಗಳಿಗೆ ಹೋಗಿ ಒಬ್ಬೊಬ್ಬರದೂ ಕೇಳುವುದು. ಇದಕ್ಕೆ 40 ನಿಮಿಷ ಸಿಗುತ್ತದೆ, ಅಂದರೆ 13 ಮಕ್ಕಳು. ಮೊದಲು ಚೀಟಿಯ ಮೂರು ಹೆಸರು. ಉಳಿದ 5 ನಿಮಿಷ ಕಾರ್ಡ್ ವಾಪಸ್ ಇಡಲು. ಗಣಿತದಲ್ಲಿ ಇನ್ನುಳಿದ ಮಕ್ಕಳನ್ನು ಹಿಡಿಯಬಹುದು.

ಕೇಳುವಾಗ ಏನು ಮಾಡಬೇಕು? ಮಗು ಓದಲಿ, ನೀವು ಬಾಯಿ ಹಾಕಬೇಡಿ. ತಡವರಿಸಿದರೆ ಮನಸ್ಸಿನಲ್ಲೇ ಐದು ಎಣಿಸಿ. ಐದು ಎಣಿಸುವುದರೊಳಗೆ ಬಹಳ ಸಲ ಮಗುವಿಗೆ ತಾನೇ ಹೊಳೆಯುತ್ತದೆ. ಹೊಳೆಯದಿದ್ದರೆ ಪದದ ಮೊದಲ ಅಕ್ಷರ ಮಾತ್ರ ಹೇಳಿ. ಓದಿ ಮುಗಿದ ಮೇಲೆ ಒಂದೇ ಪ್ರಶ್ನೆ: "ಏನಂತ ಇದರಾಗ?" ಅದು ತನ್ನ ಮಾತಿನಲ್ಲಿ ಹೇಳಿದರೆ ಓದಿದೆ ಅಂತ ಅರ್ಥ. ಮೂರನೇ ತರಗತಿ ಮುಗಿಯುವಾಗ ನಿಮಿಷಕ್ಕೆ 60 ಪದ ಓದಬೇಕು ಅಂತ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಗುರಿ ಇಟ್ಟಿದೆ. ಗುರಿ ಇರಲಿ. ಆದರೆ ಗಡಿಯಾರ ಹಿಡಿದು ಓಡಿಸಬೇಡಿ. ಕನ್ನಡದಲ್ಲಿ "ಹೊಲದಲ್ಲಿರುವವರಿಗೆ" ಅನ್ನುವುದೂ ಒಂದೇ ಪದ.

ಅಕ್ಷರ ಕಲಿಸುವ ಕ್ರಮದ ಬಗ್ಗೆ ಊರಿನವರು ಕೇಳುತ್ತಾರೆ. "ಅ ಆ ಇ ಈ ಬಿಟ್ಟು ರ ಗ ಸ ದ ಅ ಅಂತ ಯಾಕ ಕಲಸ್ತೀರಿ ಅಕ್ಕೋರಾ?" ಅವರಿಗೆ ಸಮಾಧಾನವಾಗಿ ತೋರಿಸಿ. ಅ ಆ ಇ ಈ ನಾಲ್ಕು ಕಲಿತರೆ ಒಂದೂ ನೆಟ್ಟಗಿನ ಪದ ಆಗುವುದಿಲ್ಲ. ರ ಗ ಸ ದ ಅ ಕಲಿತ ದಿನವೇ ಸರ, ರಸ, ಅರಸ, ಅಗಸ, ಗರಗಸ ಓದಬಹುದು. ಒಂದು ಸಲ ಒಬ್ಬ ಮುತ್ಯಾ ಮೊಮ್ಮಗಳ ಪಾಟಿ ಮೇಲೆ "ಗರಗಸ" ನೋಡಿ, ತಾನು ಬಡಿಗ ಕೆಲಸ ಮಾಡಿದವನು ಅಂತ ಹೇಳಿ ಮರುದಿನ ತನ್ನ ಗರಗಸವನ್ನೇ ಶಾಲೆಗೆ ತಂದು ತೋರಿಸಿದರು. ಆ ಪದ ನನ್ನ ಮಕ್ಕಳು ಇನ್ನು ಮರೆಯಲಿಕ್ಕಿಲ್ಲ.

6. ಮನಿ, ಮನೆ

ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಹೊರಗಿನಿಂದ ಬಂದ ಶಿಕ್ಷಕರು ನಮ್ಮ ಮಕ್ಕಳ ಬಗ್ಗೆ ತಪ್ಪು ತಿಳಿಯುವುದು ಇಲ್ಲೇ.

ನಮ್ಮ ಮಕ್ಕಳು ಮನೆಗೆ ಮನಿ ಅನ್ನುತ್ತಾರೆ, ಎಲೆಗೆ ಎಲಿ, ಆನೆಗೆ ಆನಿ, ಕುದುರೆಗೆ ಕುದುರಿ, ಶಾಲೆಗೆ ಸಾಲಿ. ಬೇಳೆ ಅಂದರೆ ಬ್ಯಾಳಿ, ಮೇಲೆ ಅಂದರೆ ಮ್ಯಾಲ. ಇದು ಅಡ್ಡಾದಿಡ್ಡಿ ಮಾತಲ್ಲ. ಪದದ ಕೊನೆಯ ಎ ನಮ್ಮಲ್ಲಿ ಬಹಳ ಕಡೆ ಇ ಆಗುತ್ತದೆ, ಅದಕ್ಕೊಂದು ನಿಯಮ ಇದೆ. ಹಾಗಾಗಿ ಮಗು "ಮನಿ" ಅಂತ ಬರೆದರೆ ಅದು ಕಿವಿಯಿಂದ ಕೇಳಿದ್ದನ್ನು ಸರಿಯಾಗಿಯೇ ಬರೆದಿದೆ. ಕಾಗುಣಿತ ಅದಕ್ಕೆ ಬಂದಿದೆ. ಕೆಂಪು ಶಾಯಿಯಲ್ಲಿ ಅಡ್ಡ ಗೀಟು ಹಾಕಿದರೆ ಅದು ಏನು ತಿಳಿಯುತ್ತದೆ? ತನ್ನ ಅವ್ವನ ಮಾತೇ ತಪ್ಪು ಅಂತ.

ಹೀಗೆ ಮಾಡಿ. ಗೋಡೆಯ ಮೇಲೆ ಎರಡು ಸಾಲಿನ ಪಟ್ಟಿ ಹಚ್ಚಿ. ಒಂದರ ಮೇಲೆ "ನಾವು ಮಾತಾಡೋದು", ಇನ್ನೊಂದರ ಮೇಲೆ "ಪುಸ್ತಕದಾಗ ಇರೋದು". ಮನಿ ಸಿಕ್ಕ ದಿನ ಮನಿ, ಮನೆ ಬರೆಯಿರಿ. ಎಲಿ ಸಿಕ್ಕ ದಿನ ಎಲಿ, ಎಲೆ. ಹತ್ತು ಜೋಡಿ ಆಗುವಷ್ಟರಲ್ಲಿ ಮಕ್ಕಳೇ ನಿಯಮ ಹಿಡಿಯುತ್ತಾರೆ. ನನ್ನ ಎರಡನೇ ತರಗತಿಯ ಒಬ್ಬಳು "ಕಡೀಕ ಎತ್ವ ಹಚ್ಚಿದ್ರ ಪುಸ್ತಕದ ಮಾತು ಆಗ್ತದರಿ" ಅಂದಳು. ಯಾವ ತರಬೇತಿಯಲ್ಲೂ ನನಗೆ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ.

ಓದುವಾಗಲೂ ಇದೇ. ಪುಸ್ತಕದಲ್ಲಿ "ಅಜ್ಜ ಬಂದಿದ್ದಾನೆ" ಅಂತ ಇದ್ದರೆ ಮಗು "ಮುತ್ಯಾ ಬಂದಾನ" ಅಂತ ಓದಬಹುದು. ಅದು ಅಕ್ಷರ ನೋಡಿ, ಅರ್ಥ ಹಿಡಿದು, ತನ್ನ ಮಾತಿಗೆ ತಂದು ಹೇಳಿತು. ಮೊದಲು "ಚಂದ ಓದಿದಿ" ಅನ್ನಿ. ಆಮೇಲೆ ಬೆರಳು ಇಟ್ಟು "ಇಲ್ಲಿ ಹೆಂಗ ಬರದಾರ ನೋಡು" ಅನ್ನಿ.

ತಾಂಡಾದ ಮಕ್ಕಳದು ಇನ್ನೊಂದು ಹೆಜ್ಜೆ ಮುಂದಿನ ಕಷ್ಟ. ಅವರ ಮನೆಮಾತು ಲಂಬಾಣಿ. ಗುರುಮಠಕಲ್ ಕಡೆ ತೆಲುಗು, ಬೀದರ್ ಮತ್ತು ಆಳಂದ ಕಡೆ ಮರಾಠಿ, ಪಟ್ಟಣಗಳಲ್ಲಿ ಉರ್ದು. ನನ್ನ ಮೊದಲ ವರ್ಷ ತಾಂಡಾದಿಂದ ಬಂದ ಒಬ್ಬ ಹುಡುಗ ನಾಲ್ಕು ತಿಂಗಳು ಬಾಯಿ ಬಿಡಲಿಲ್ಲ. ಅವನಿಗೆ ಕಲಿಯುವುದು ಕಷ್ಟ ಅಂತ ನಾನೇ ಬರೆದಿಟ್ಟೆ. ಒಂದು ದಿನ ಅವನ ಅವ್ವ ಬಾಗಿಲಿಗೆ ಬಂದಾಗ ಅವನು ಐದು ನಿಮಿಷ ಉಸಿರು ಬಿಡದೆ ಮಾತಾಡಿದ. ಮಂದ ಅಂತ ತಿಳಿದ ಮಗು ಮಾತಿನ ಮಲ್ಲ. ನನಗೆ ಅವನ ಭಾಷೆ ಬರುತ್ತಿರಲಿಲ್ಲ, ಅಷ್ಟೇ. ಆ ನಾಲ್ಕು ತಿಂಗಳು ಅವನಿಗೆ ನಾನು ವಾಪಸ್ ಕೊಡಲಾರೆ.

ಆ ಮೇಲೆ ಅವರ ಮಾತಿನ ಸ್ವಲ್ಪ ಪದ ಕಲಿತೆ. ಯಾಡಿ ಅಂದರೆ ಅವ್ವ, ಬಾಟಿ ಅಂದರೆ ರೊಟ್ಟಿ, ಪಾಣಿ ಅಂದರೆ ನೀರು. ನೀವೂ ಮೊದಲ ವಾರ ಇಪ್ಪತ್ತು ಪದ ಬರೆದುಕೊಳ್ಳಿ, ಮಕ್ಕಳಿಂದಲೇ ಕೇಳಿ. ಚಿತ್ರ ತೋರಿಸಿ ಮೊದಲು ಅವರ ಭಾಷೆಯಲ್ಲಿ ಹೇಳಲು ಬಿಡಿ, ಆಮೇಲೆ ಕನ್ನಡದಲ್ಲಿ. ಎರಡೂ ಭಾಷೆ ಬಲ್ಲ ಒಬ್ಬ ದೊಡ್ಡ ಮಗುವನ್ನು ಮೂರನೇ ತಟ್ಟೆಯಲ್ಲಿ ಅವರ ಜೊತೆ ಕೂರಿಸಿ.

7. ಗಣಿತ: ತೊಗರಿ ಕಡ್ಡಿಯ ಕಟ್ಟು

11.40ರ ಹೊತ್ತಿಗೆ ಸಣ್ಣ ವಿರಾಮ, ನೀರಿನ ಗಂಟೆ. ಎಲ್ಲರೂ ನೀರು ಕುಡಿದು ಬರಲಿ. ಆಮೇಲೆ ಗಣಿತ.

ಎಣಿಸುವ ಸಾಮಾನು ನಮ್ಮಲ್ಲಿ ಬೇಕಾದಷ್ಟಿದೆ. ಹುಣಸೆ ಬೀಜ, ಶೇಂಗಾ ಸಿಪ್ಪೆ, ತೊಗರಿ ರಾಶಿ ಆದ ಮೇಲೆ ಉಳಿಯುವ ಕಡ್ಡಿ. ಕಡ್ಡಿಯನ್ನು ಬೆರಳುದ್ದ ಮುರಿದು ಹತ್ತರ ಕಟ್ಟು ಕಟ್ಟಿಸಿ. ಕಟ್ಟುವ ಕೆಲಸ ಮಕ್ಕಳದೇ ಆಗಬೇಕು. ನೀವು ಕಟ್ಟಿಕೊಟ್ಟರೆ ಅದು ಅವರಿಗೆ ಒಂದು ಗಂಟು ಮಾತ್ರ, ಹತ್ತು ಅಲ್ಲ. 34 ಅಂದರೆ ಮೂರು ಕಟ್ಟು, ನಾಲ್ಕು ಬಿಡಿ. 34ರಿಂದ 8 ಕಳೆಯಬೇಕಾದರೆ ಒಂದು ಕಟ್ಟು ಬಿಚ್ಚಲೇಬೇಕು. ದಾರ ಬಿಚ್ಚುವ ಕೈಗೆ ಗೊತ್ತಾದದ್ದು "ಸಾಲ ತಗೊಳ್ಳೋದು" ಅನ್ನುವ ಮಾತಿಗಿಂತ ಗಟ್ಟಿ ನಿಲ್ಲುತ್ತದೆ.

ಒಂದು ವಿಷಯ ಗಮನಿಸಿ. ಕನ್ನಡದಲ್ಲಿ ಇಪ್ಪತ್ತೈದು ಅಂದರೆ ಮೊದಲು ಇಪ್ಪತ್ತು, ಆಮೇಲೆ ಐದು. ಬರೆಯುವ ಕ್ರಮವೂ ಅದೇ. ಮರಾಠಿಯಲ್ಲಿ ಪಂಚವೀಸ್, ಐದು ಮೊದಲು. ಬೀದರ್ ಗಡಿಯ ಶಾಲೆಗಳಲ್ಲಿ ಮಗು 25ನ್ನು 52 ಅಂತ ಬರೆದರೆ ಅದಕ್ಕೆ ಸಂಖ್ಯೆ ಗೊತ್ತಿಲ್ಲ ಅಂತಲ್ಲ, ಮನೆಯಲ್ಲಿ ಕೇಳಿದ ಕ್ರಮದಲ್ಲಿ ಬರೆದಿರಬಹುದು. ಕಟ್ಟು ಮತ್ತು ಬಿಡಿ ಎದುರಿಗಿಟ್ಟು ಮತ್ತೆ ಬರೆಸಿ.

ಈ ಅವಧಿಯಲ್ಲೂ ಮಣೆ ನಿಮ್ಮ ಕೈಯಲ್ಲೇ ಇರಲಿ. ಉತ್ತರ ಸರಿಯಿದ್ದರೂ "ಹೆಂಗ ಮಾಡಿದಿ, ಹೇಳು" ಅಂತ ಕೇಳಿ.

8. ಊಟ

ಬಿಸಿಯೂಟ ರಾಜ್ಯದಲ್ಲಿ 2002ರಲ್ಲಿ ಮೊದಲು ಶುರುವಾದದ್ದು ನಮ್ಮ ಭಾಗದ ಜಿಲ್ಲೆಗಳಲ್ಲೇ. ಮೊಟ್ಟೆಯೂ 2021ರ ಡಿಸೆಂಬರ್‌ನಲ್ಲಿ ಮೊದಲು ಬಂದದ್ದು ಇಲ್ಲಿಗೇ. ಹಸಿವು ಇಲ್ಲಿ ಜಾಸ್ತಿ ಅಂತ. 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿಯ ಲೆಕ್ಕ. ಮಕ್ಕಳಿಗೆ ಬಡಿಸುವ ಅರ್ಧ ಗಂಟೆ ಮೊದಲು ದೊಡ್ಡವರು ರುಚಿ ನೋಡಿ ಪುಸ್ತಕದಲ್ಲಿ ಬರೆಯಬೇಕು. ಇದನ್ನು ಬಿಡಬೇಡಿ, ಎಷ್ಟೇ ಅವಸರ ಇದ್ದರೂ.

ಸೋಪು ಕೈಗೆ ಸಿಗುವ ಜಾಗದಲ್ಲಿ ಇರಲಿ. ಸಾಲಿನಲ್ಲಿ ಬಂದ ಹಾಗೆ ಕೂರಲಿ. ಯಾರ ಪಕ್ಕ ಯಾರು ಕೂರುವುದಿಲ್ಲ ಅಂತ ಕಣ್ಣಿಡಿ. ಮಾತಿನಲ್ಲಿ ಬುದ್ಧಿ ಹೇಳುವುದಕ್ಕಿಂತ, ಖಾಲಿ ಉಳಿದ ಜಾಗದಲ್ಲಿ ನೀವೇ ನಿಮ್ಮ ಗಂಗಾಳ ಹಿಡಿದು ಹೋಗಿ ಕೂತುಕೊಳ್ಳಿ. ನಾಲ್ಕು ದಿನ ಕೂತರೆ ಐದನೇ ದಿನ ಮಕ್ಕಳು ನಿಮ್ಮ ಪಕ್ಕ ಬಂದು ಕೂರುತ್ತಾರೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಇದೆ. ಯಾರು ಏನು ತಿನ್ನುತ್ತಾರೆ ಅಂತ ಎಲ್ಲರ ಮುಂದೆ ಕೂಗಿ ಕೇಳಬೇಡಿ.

9. ಮಧ್ಯಾಹ್ನ

ಊಟ ಆದ ಮೇಲೆ ಪುಟ್ಟವರಿಗೆ ನಿದ್ದೆ ಬರುತ್ತದೆ. ಒಂದನೇ ತರಗತಿಯವರು ಚಾಪೆ ಮೇಲೆ ಅರ್ಧ ಗಂಟೆ ಮಲಗಿದರೆ ಮಲಗಲಿ. ಉಳಿದವರಿಗೆ ಕಥೆ ಓದಿ ಹೇಳಿ. ಪುಸ್ತಕವನ್ನು ಮಕ್ಕಳ ಕಡೆ ತಿರುಗಿಸಿ ಹಿಡಿದು, ಚಿತ್ರ ತೋರಿಸುತ್ತಾ.

ಪರಿಸರ ಅಧ್ಯಯನಕ್ಕೆ ಹೊರಗೆ ಹೋಗಿ. ಬೇವಿನ ಮರದ ಕೆಳಗೆ ಬಿದ್ದ ಎಲೆ, ಇರುವೆ ಸಾಲು, ಶಾಲೆಯ ಗೋಡೆಯ ಕಲ್ಲು. ಶಹಾಪುರದ ಬೆಟ್ಟ ಮಲಗಿದ ಬುದ್ಧನ ಹಾಗೆ ಕಾಣುತ್ತದೆ ಅಂತ ನೋಡಿ ಬಂದ ಮಗು ಹೇಳಿದರೆ, ಎಲ್ಲರೂ ತಮ್ಮೂರಿನ ಗುಡ್ಡ ಯಾವುದರ ಹಾಗೆ ಕಾಣುತ್ತದೆ ಅಂತ ಬರೆಯಲಿ. ಚಿತ್ರಗಳನ್ನು ಕಲಿಕಾ ಚಪ್ಪರದ (ಕೋಣೆಯಲ್ಲಿ ತಲೆಯ ಮೇಲೆ ಕಟ್ಟಿದ ದಾರಗಳ ಸಾಲು) ದಾರಕ್ಕೆ ತೂಗುಹಾಕಿ. ಚೆನ್ನಾಗಿ ಬಂದದ್ದು ಮಾತ್ರ ಅಂತ ಆರಿಸಬೇಡಿ, ಎಲ್ಲರದೂ ಇರಲಿ.

ಇಂಗ್ಲಿಷ್‌ಗೆ 40 ನಿಮಿಷ ಸಾಕು. ಹಾಡು, ಹೇಳಿದಂತೆ ಮಾಡುವ ಆಟ. ಕೊನೆಗೆ ಮೈದಾನದಲ್ಲಿ ಆಟ. ದಿನದಲ್ಲಿ ಏನು ಬಿಟ್ಟರೂ ಆಟ ಬಿಡಬೇಡಿ.

10. ಬಾರದ ಮಕ್ಕಳು

ಜೇಬಿಗೆ ಬೀಳದೆ ಉಳಿದ ಚೀಟಿಗಳಿವೆಯಲ್ಲ, ಅವೇ ನನಗೆ ಹೆಚ್ಚು ಚಿಂತೆ. ಹತ್ತಿ ಬಿಡಿಸುವ ಕಾಲದಲ್ಲಿ ತಂಗಿಯನ್ನು ನೋಡಿಕೊಳ್ಳಲು ಅಕ್ಕ ಮನೆಯಲ್ಲಿ ಉಳಿಯುತ್ತಾಳೆ. ದೀಪಾವಳಿ ಆದ ಮೇಲೆ ಎಷ್ಟೋ ಕುಟುಂಬಗಳು ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋಗುತ್ತವೆ. ಮಕ್ಕಳೂ ಜೊತೆಗೆ.

ಎರಡು ದಿನ ಬರದಿದ್ದರೆ ಮೂರನೇ ದಿನ ಸಂಜೆ ಮನೆಗೆ ಹೋಗಿ. ದೂರು ಹೇಳಲು ಹೋಗಬೇಡಿ. "ನಿಮ್ಮ ಹುಡುಗಿ ಇಲ್ಲದೆ ನಮ್ಮ ತಟ್ಟೆ ಖಾಲಿ ಕಾಣ್ತದವ್ವಾ" ಅಂತ ಹೇಳಿ. ತಂಗಿಯನ್ನು ಅಂಗನವಾಡಿಗೆ ಬಿಡಬಹುದೇ ಕೇಳಿ, ಅಲ್ಲಿನ ಅಕ್ಕನ ಜೊತೆ ನೀವೇ ಮಾತಾಡಿ. ದುಡಿಯಲು ಹೊರಟ ಮನೆಯವರನ್ನು ಹೊರಡುವ ಮೊದಲು ಹಿಡಿಯಿರಿ. ಮಗುವನ್ನು ಆಯಿ, ಮುತ್ಯಾನ ಹತ್ತಿರ ಬಿಡಲು ಆಗುತ್ತದೆಯೇ, ಸರ್ಕಾರದ ಹಾಸ್ಟೆಲ್ ಇದೆಯೇ ಅಂತ ಕೂತು ಲೆಕ್ಕ ಹಾಕಿ. ಹೋಗಲೇಬೇಕಾದರೆ ಮಗುವಿನ ಕೈಗೆ ಎರಡು ಕಥೆಪುಸ್ತಕ, ಪಾಟಿ, ನಿಮ್ಮ ಫೋನ್ ನಂಬರ್ ಕೊಡಿ. ವಾರಕ್ಕೊಮ್ಮೆ ಫೋನಿನಲ್ಲಿ ಒಂದು ಪುಟ ಓದಿಸಿ ಕೇಳಬಹುದು. ಯುಗಾದಿಗೆ ಅದು ವಾಪಸ್ ಬಂದಾಗ ನಲಿಕಲಿಯ ದೊಡ್ಡ ಉಪಕಾರ ಗೊತ್ತಾಗುತ್ತದೆ. ಏಣಿಯಲ್ಲಿ ಎಲ್ಲಿ ನಿಂತಿತ್ತೋ ಅದೇ ಮೆಟ್ಟಿಲಿನಿಂದ ಶುರು ಮಾಡಬಹುದು. ಆ ಮಗುವಿನ ಹೆಸರಿನ ಚೀಟಿಯನ್ನು ಗೋಡೆಯಿಂದ ತೆಗೆಯಬೇಡಿ.

11. ಕೊನೆಯ 15 ನಿಮಿಷ

4.05ಕ್ಕೆ ಎಲ್ಲರೂ ದುಂಡಗೆ ಕೂರಲಿ. ಬೆಳಗ್ಗೆ ಹಲಗೆ ಮೇಲೆ ಬರೆದ ವಾಕ್ಯವನ್ನು ಮತ್ತೆ ಓದಿ. ಇವತ್ತು ಯಾರು ಯಾರಿಗೆ ಸಹಾಯ ಮಾಡಿದರು ಅಂತ ಇಬ್ಬರು ಮೂವರು ಹೇಳಲಿ. ಮನೆಗೆಲಸ ಅಂತ ಬರೆಯುವುದು ಕೊಡಬೇಡಿ, ಕೇಳಿಕೊಂಡು ಬರುವುದು ಕೊಡಿ. "ಆಯಿಗೆ ಒಂದು ಒಗಟು ಕೇಳ್ಕೊಂಡು ಬಾ", "ಅಪ್ಪ ಎಷ್ಟು ಚೀಲ ತೊಗರಿ ಬೆಳದಾನ ಕೇಳ್ಕೊಂಡು ಬಾ". ಅಕ್ಷರ ಬಾರದ ಮನೆಯಲ್ಲೂ ಇದಕ್ಕೆ ಉತ್ತರ ಇರುತ್ತದೆ.

ರಾಷ್ಟ್ರಗೀತೆ, ಗಂಟೆ. ದೂರದ ತಾಂಡಾದ ಮಕ್ಕಳು ದೊಡ್ಡವರ ಜೊತೆ ಗುಂಪಾಗಿ ಹೊರಟರೇ ನೋಡಿ. ಆಮೇಲೆ ಒಳಗೆ ಬಂದು ಮಣೆ ಮೇಲೆ ಕೂತು ಪ್ರಗತಿ ನೋಟ ತೆಗೆಯಿರಿ. ಇವತ್ತು 28ರಲ್ಲಿ ನಾಲ್ವರು ಬಂದಿಲ್ಲ, 21 ಮಕ್ಕಳದು ಕೇಳಿದ್ದಾಯಿತು. ಉಳಿದ ಮೂರು ಹೆಸರನ್ನು ಚೀಟಿಯಲ್ಲಿ ಬರೆದು ನಾಳೆಯ ಹಾಜರಿ ಪುಸ್ತಕದೊಳಗೆ ಇಡಿ.